ಬ್ಯಾಕಪ್ ಅರ್ಧ ಗಂಟೆ ಸುಮ್ನೆ ನಿಂತು ಫೇಲ್ ಆಗುತ್ತಿದೆ: ಸರ್ವರ್ ದಾವಣಗೆರೆಯಲ್ಲಿ, ಕ್ಲೈಂಟ್ ಚಿತ್ರದುರ್ಗದಲ್ಲಿ

ಮೆಕ್ಕೆಜೋಳ_ಲೆಕ್ಕ (ದಾವಣಗೆರೆ), ಮಂಗಳವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ, ಕಂಪ್ಯೂಟರ್ ಎರಡನ್ನೂ ನೋಡಿಕೊಳ್ಳುತ್ತೇನೆ. ಚಿತ್ರದುರ್ಗದಲ್ಲಿ ನಮ್ಮ ಬ್ರಾಂಚ್ ಇದೆ. ಅಲ್ಲಿನ ಕಂಪ್ಯೂಟರಿನ ಡಾಟಾ ದಿನಾ ರಾತ್ರಿ ಇಲ್ಲಿಗೆ ಬಂದು ಸೇರಬೇಕು. ಹೋದ ವರ್ಷ ಅಲ್ಲಿನ ಹಾರ್ಡ್ ಡಿಸ್ಕ್ ಕೆಟ್ಟಿತು. ಮೂರು ತಿಂಗಳ ರೈತರ ಲೆಕ್ಕಪಟ್ಟಿಗಳನ್ನು ಕಾಗದ ನೋಡಿಕೊಂಡು ಮತ್ತೆ ಟೈಪ್ ಮಾಡಿದೆವು. ಹದಿನೈದು ದಿನ ಹಿಡಿಯಿತು. ಅದು ಇನ್ನೊಂದು ಸಲ ಬೇಡ.

ಇಲ್ಲಿ ಒಂದು ಲಿನಕ್ಸ್ ಮಷಿನ್ ಇದೆ. ಬಕುಲಾ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್ ಹಾಕಿದ್ದೇನೆ. ಕೆಲಸ ಹೇಳುವ ಡೈರೆಕ್ಟರ್, ಡಾಟಾ ಇಟ್ಟುಕೊಳ್ಳುವ ಸ್ಟೋರೇಜ್ ಡೀಮನ್ ಎರಡೂ ಅದರಲ್ಲೇ (ಡೀಮನ್ ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ). ಮೊದಲು ಆ ಮಷಿನ್ನನ್ನೇ ಕ್ಲೈಂಟ್ (ಡಾಟಾ ಕಳಿಸುವ ಕಡೆ) ಮಾಡಿ ಒಂದು ವಾರ ಓಡಿಸಿದೆ. ಒಂದು ದಿನವೂ ತಪ್ಪಲಿಲ್ಲ. ಆಮೇಲೆ ದುರ್ಗದ ವಿಂಡೋಸ್ ಕಂಪ್ಯೂಟರಿಗೆ ಡಾಟಾ ಕಳಿಸುವ ಫೈಲ್ ಡೀಮನ್ ಹಾಕಿದೆ. ಎರಡೂ ಊರಿನ ಮಧ್ಯೆ ಇಂಟರ್‌ನೆಟ್ ಒಳಗೇ ನಮ್ಮದೇ ಗುಪ್ತ ಲೈನ್, ವೈರ್‌ಗಾರ್ಡ್ ವಿಪಿಎನ್ ಇದೆ.

ಸ್ಟೇಟಸ್ ಕ್ಲೈಂಟ್ ಅಂತ ಕೊಟ್ಟರೆ ದುರ್ಗದ ಮಷಿನ್ ತಕ್ಷಣ ಉತ್ತರ ಕೊಡುತ್ತದೆ. ಜಾಬ್ ಶುರು ಮಾಡಿದರೆ ಮಾತ್ರ ಒಂದು ಬೈಟೂ ಬರುವುದಿಲ್ಲ. ಅರ್ಧ ಗಂಟೆ ಹಾಗೇ ನಿಂತು ಎರರ್. ಲಾಗಿನಲ್ಲಿ ಲೋಕಲ್‌ಹೋಸ್ಟ್ 9103ರ ಸ್ಟೋರೇಜ್ ಡೀಮನ್‌ಗೆ ಕನೆಕ್ಟ್ ಆಗಲಿಲ್ಲ, ಕನೆಕ್ಷನ್ ರಿಫ್ಯೂಸ್ಡ್ ಅಂತ ಇದೆ. ಆದರೆ ಇಲ್ಲಿ ಸ್ಟೋರೇಜ್ ಡೀಮನ್ ಚೆನ್ನಾಗಿಯೇ ಓಡುತ್ತಿದೆ. ಮೂರು ರಾತ್ರಿ ಆಯಿತು. ಯಾರಾದರೂ ದಾರಿ ತೋರಿಸಿ.

ಹಳೇ_ಟೇಪು (ಹರಿಹರ), ಮಂಗಳವಾರ ರಾತ್ರಿ 10:25

ತಮ್ಮಾ, ಉತ್ತರ ನಿನ್ನ ಲಾಗಿನಲ್ಲೇ ಇದೆ. ಆ ಎರರ್ ಬರೆದದ್ದು ಯಾರು ಅಂತ ನೋಡು. ಅದು ದುರ್ಗದ ಫೈಲ್ ಡೀಮನ್ ಹೇಳಿದ ಮಾತು, ನಿನ್ನ ಸರ್ವರಿನದಲ್ಲ. ದುರ್ಗದಲ್ಲಿ ಕೂತು ಲೋಕಲ್‌ಹೋಸ್ಟ್ ಅಂದರೆ ಯಾವ ಮಷಿನ್? ಆ ಪದಕ್ಕೆ 'ಇದೇ ಮಷಿನ್' ಅಂತ ಅರ್ಥ, ದುರ್ಗದ್ದೇ ಅಲ್ವಾ. ಅಲ್ಲಿ ಸ್ಟೋರೇಜ್ ಡೀಮನ್ ಎಲ್ಲಿದೆ?

ಬ್ಯಾಕಪ್ ಅಂದರೆ ಕ್ಲೈಂಟಿಗೂ ಸರ್ವರಿಗೂ ಮಧ್ಯೆ ಒಂದೇ ಲೈನ್ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಇಲ್ಲಿ ಮೂರು ಮಾತುಕತೆ ನಡೆಯುತ್ತವೆ. ನಿಮ್ಮ ಯಾರ್ಡಿನ ಲೆಕ್ಕದಲ್ಲೇ ಹೇಳುತ್ತೇನೆ. ಡೈರೆಕ್ಟರ್ ಅಂದರೆ ಗಾದಿ ಮೇಲೆ ಕೂತ ಸಾಹುಕಾರ್ರು. ಅವರು ಚೀಲ ಮುಟ್ಟುವುದಿಲ್ಲ. ಸ್ಟೋರೇಜ್ ಡೀಮನ್ ಅಂದರೆ ಗೋಡೌನು. ಫೈಲ್ ಡೀಮನ್ ಅಂದರೆ ದುರ್ಗದಲ್ಲಿ ಲೋಡ್ ಹಾಕಿಕೊಂಡು ಹೊರಡುವ ಗಾಡಿ.

ಜಾಬ್ ಶುರುವಾದಾಗ ಸಾಹುಕಾರ್ರು ಮೊದಲು ಫೋನ್ ಮಾಡುವುದು ಗೋಡೌನಿಗೆ, ಪೋರ್ಟ್ 9103. "ಒಂದು ಲೋಡ್ ಬರುತ್ತೆ, ಜಾಗ ಇಡು" ಅಂತಾರೆ. ಗೋಡೌನಿನವನು ಜಾಗ ಹಿಡಿದಿಟ್ಟು, ಈ ಜಾಬಿಗೆ ಮಾತ್ರ ನಡೆಯುವ ಒಂದು ಗುರುತಿನ ಕೀ ಕೊಡುತ್ತಾನೆ. ಆಮೇಲೆ ಸಾಹುಕಾರ್ರು ಗಾಡಿಯವನಿಗೆ ಫೋನ್ ಮಾಡುತ್ತಾರೆ, ಪೋರ್ಟ್ 9102. ಯಾವ ಫೋಲ್ಡರ್ ಎತ್ತಬೇಕು, ಯಾವುದು ಬಿಡಬೇಕು, ಫುಲ್ಲೋ (ಪೂರ್ತಿ) ಇಂಕ್ರಿಮೆಂಟಲ್ಲೋ (ಬದಲಾದದ್ದು ಮಾತ್ರ), ಎಂದಿನಿಂದ ಬದಲಾದದ್ದು ಬೇಕು, ಎಲ್ಲಾ ಹೇಳುತ್ತಾರೆ. ಕೊನೆಗೆ ಗೋಡೌನಿನ ವಿಳಾಸ ಮತ್ತು ಆ ಕೀ ಕೊಡುತ್ತಾರೆ. ಆಮೇಲೆ ಗಾಡಿ ನೇರವಾಗಿ ಗೋಡೌನಿಗೆ ಹೋಗುತ್ತದೆ. ಅಂಗಡಿ ಮುಂದೆ ಹಾದು ಹೋಗುವುದೇ ಇಲ್ಲ. ದುರ್ಗದ ಫೈಲ್ ಡೀಮನ್ ತಾನೇ ಹೊರಟು ಸ್ಟೋರೇಜ್ ಡೀಮನ್‌ನ 9103ಕ್ಕೆ ಕನೆಕ್ಟ್ ಆಗಬೇಕು. ಇದು ಮೂರನೇ ಮಾತುಕತೆ. ನಿನ್ನದು ಮುರಿದಿರುವುದು ಇಲ್ಲೇ.

ಡೈರೆಕ್ಟರಿನ ಕಾನ್ಫಿಗ್ ಫೈಲಿನಲ್ಲಿ ಸ್ಟೋರೇಜ್ ಅನ್ನುವ ಭಾಗ ತೆಗೆ. ಅಡ್ರೆಸ್ ಮುಂದೆ ಲೋಕಲ್‌ಹೋಸ್ಟ್ ಅಂತ ಇರುತ್ತದೆ. ಒಂದೇ ಮಷಿನ್ನಲ್ಲಿ ಎಲ್ಲಾ ಇದ್ದಾಗ ಅದು ನಡೆಯುತ್ತದೆ, ಅದಕ್ಕೇ ನಿನಗೆ ಒಂದು ವಾರ ತೊಂದರೆ ಕಾಣಲಿಲ್ಲ. ಆದರೆ ಆ ಸಾಲನ್ನು ಡೈರೆಕ್ಟರ್ ತಾನೂ ಬಳಸುತ್ತದೆ, ಇದ್ದ ಹಾಗೇ ಕ್ಲೈಂಟಿಗೂ ಕಳಿಸುತ್ತದೆ. ಸಾಹುಕಾರ್ರು "ಚೀಲ ಮನೆಗೆ ಹಾಕು" ಅಂದರು, ಗಾಡಿಯವನು ತನ್ನ ಮನೆಗೆ ಹೋದ. ಅರ್ಧ ಗಂಟೆ ಯಾಕೆ ಅಂದರೆ, ಫೈಲ್ ಡೀಮನ್ ಸ್ಟೋರೇಜ್ ಸಿಗದಿದ್ದರೆ 30 ನಿಮಿಷ ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ.

ಸ್ಟೇಟಸ್ ಕ್ಲೈಂಟ್ ನೋಡುವುದು ಡೈರೆಕ್ಟರಿನಿಂದ ಕ್ಲೈಂಟಿಗೆ ಹೋಗುವ ದಾರಿಯನ್ನು ಮಾತ್ರ. ಕ್ಲೈಂಟಿನಿಂದ ಗೋಡೌನಿನ ದಾರಿ ಅದಕ್ಕೆ ಕಾಣುವುದಿಲ್ಲ.

ಮೆಕ್ಕೆಜೋಳ_ಲೆಕ್ಕ, ಬುಧವಾರ ಬೆಳಿಗ್ಗೆ 11:10

ಅಣ್ಣಾ, ನೀವು ಹೇಳಿದ ಸಾಲು ಹಾಗೇ ಇತ್ತು. ಲೋಕಲ್‌ಹೋಸ್ಟ್ ತೆಗೆದು ಸರ್ವರಿನ ವಿಪಿಎನ್ ವಿಳಾಸ ಹಾಕಿದೆ. ಡೈರೆಕ್ಟರ್ ರೀಲೋಡ್ ಮಾಡಿದೆ. ಈಗ ಎರರ್ ಬದಲಾಗಿದೆ. ಲಾಗಿನಲ್ಲಿ ವಿಪಿಎನ್ ವಿಳಾಸ ಸರಿಯಾಗಿ ಕಾಣುತ್ತಿದೆ, ಆದರೆ ರಿಫ್ಯೂಸ್ಡ್ ಬದಲು ಟೈಮ್ಡ್ ಔಟ್ ಅಂತ ಬರುತ್ತಿದೆ.

ದುರ್ಗದ_ರೂಟರ್ (ಚಿತ್ರದುರ್ಗ), ಬುಧವಾರ ಬೆಳಿಗ್ಗೆ 11:35

ಸರ್, ಒಂದು ಹೆಜ್ಜೆ ಮುಂದೆ ಬಂದಿದ್ದೀರಿ. ರಿಫ್ಯೂಸ್ಡ್ ಅಂದರೆ ಮಷಿನ್ ಸಿಕ್ಕಿತು, ಆ ಪೋರ್ಟಿನಲ್ಲಿ ಯಾರೂ ಇಲ್ಲ ಅಂತ ಅದೇ ಹೇಳಿತು. ಟೈಮ್ಡ್ ಔಟ್ ಅಂದರೆ ಉತ್ತರವೇ ಬರಲಿಲ್ಲ. ಹೆಚ್ಚಿನ ಸಲ ಮಧ್ಯದಲ್ಲಿ ಫೈರ್‌ವಾಲ್ ಪ್ಯಾಕೆಟ್ ಬೀಳಿಸಿರುತ್ತದೆ. ಈ ಎರಡು ಪದದ ವ್ಯತ್ಯಾಸ ಗೊತ್ತಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ದುರ್ಗದ ಕಂಪ್ಯೂಟರಿನಲ್ಲಿ ಪವರ್‌ಶೆಲ್ ತೆಗೆದು ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡಿಗೆ ಸರ್ವರ್ ವಿಳಾಸ, ಪೋರ್ಟ್ 9103 ಕೊಡಿ. ಪರೀಕ್ಷೆ ಯಾವಾಗಲೂ ಫೋನ್ ಮಾಡುವವರ ಕಡೆಯಿಂದ ಆಗಬೇಕು. ಸರ್ವರ್ ಮುಂದೆ ಕೂತು ಸರ್ವರಿನ ಪೋರ್ಟ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ದಾವಣಗೆರೆ ಮಷಿನ್ನಿನ ಫೈರ್‌ವಾಲಿನಲ್ಲಿ 9103 ಒಳಬರುವುದಕ್ಕೆ ತೆರೆಯಿರಿ, ಅದೂ ವಿಪಿಎನ್ ಕಡೆಯಿಂದ ಮಾತ್ರ. ದುರ್ಗದ ಕಡೆ 9102 ತೆರೆದಿರಬೇಕು. ಅದು ಆಗಲೇ ತೆರೆದಿದೆ, ಇಲ್ಲದಿದ್ದರೆ ಸ್ಟೇಟಸ್ ಬರುತ್ತಿರಲಿಲ್ಲ. 9101 ನಿಮ್ಮ ಕನ್ಸೋಲ್ ಡೈರೆಕ್ಟರಿಗೆ ಮಾತಾಡುವ ಪೋರ್ಟ್. ಅದನ್ನು ಹೊರಗೆ ಬಿಡುವ ಅಗತ್ಯ ಇಲ್ಲ.

ಇನ್ನೊಂದು ಸಲಹೆ. ಅಡ್ರೆಸ್ ಜಾಗದಲ್ಲಿ ನಂಬರ್ ಬದಲು ಒಂದು ಹೆಸರು ಹಾಕಿ. ಯಾಕೆ ಅಂತ ರಿಸ್ಟೋರ್ (ಬ್ಯಾಕಪ್‌ನಿಂದ ಡಾಟಾ ವಾಪಸ್ ಇಳಿಸುವುದು) ಮಾತು ಬಂದಾಗ ಹೇಳುತ್ತೇನೆ.

ಮೆಕ್ಕೆಜೋಳ_ಲೆಕ್ಕ, ಬುಧವಾರ ಮಧ್ಯಾಹ್ನ 1:20

ಶುರುವಾಯಿತು! ಬೈಟ್ ಎಣಿಕೆ ಏರುತ್ತಾ ಇದೆ. ಊಟಕ್ಕೂ ಹೋಗದೆ ನೋಡುತ್ತಾ ಕೂತಿದ್ದೇನೆ. ಇಬ್ಬರಿಗೂ ತುಂಬಾ ಧನ್ಯವಾದ.

ಒಂದು ಅನುಮಾನ. ಪಾಸ್‌ವರ್ಡ್ ನೆಟ್‌ವರ್ಕ್ ಮೇಲೆ ಹಾಗೇ ಹೋಗುತ್ತದಾ?

ಹಳೇ_ಟೇಪು, ಬುಧವಾರ ಮಧ್ಯಾಹ್ನ 2:05

ಪಾಸ್‌ವರ್ಡ್ ಹೋಗುವುದಿಲ್ಲ. ಒಂದು ಕಡೆಯವರು ಒಂದು ಸವಾಲು ಕಳಿಸುತ್ತಾರೆ, ಇನ್ನೊಂದು ಕಡೆಯವರು ಪಾಸ್‌ವರ್ಡ್ ಸೇರಿಸಿ ಲೆಕ್ಕ ಮಾಡಿದ ಉತ್ತರ ಕೊಡುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಹಾಗೆ ಪರೀಕ್ಷೆ ಮಾಡುತ್ತಾರೆ. ಆದರೆ ಫೈಲಿನ ಒಳಗಿನ ಡಾಟಾ ಬೇರೆ ವಿಷಯ. ಟಿಎಲ್‌ಎಸ್ (ದಾರಿಯಲ್ಲಿ ಡಾಟಾ ಮುಚ್ಚಿ ಕಳಿಸುವ ವ್ಯವಸ್ಥೆ) ಇಲ್ಲದಿದ್ದರೆ ಅದು ಬರಿಮೈಯಲ್ಲೇ ಹೋಗುತ್ತದೆ. ನಿನಗೆ ವಿಪಿಎನ್ ಇದೆ, ದಾರಿಯಲ್ಲಿ ಭಯ ಇಲ್ಲ. ಬಕುಲಾದಿಂದ ಕವಲೊಡೆದ ಬೇರಿಯೋಸ್ ಅಂತ ಇದೆಯಲ್ಲ, ಅದರಲ್ಲಿ 18.2 ವರ್ಶನ್‌ನಿಂದ ಟಿಎಲ್‌ಎಸ್ ತಾನಾಗೇ ಬರುತ್ತದೆ.

ಮೆಕ್ಕೆಜೋಳ_ಲೆಕ್ಕ, ಗುರುವಾರ ಬೆಳಿಗ್ಗೆ 9:15

ಮತ್ತೆ ತೊಂದರೆ. ರಾತ್ರಿಯೆಲ್ಲಾ ಓಡಿದೆ. ಮೊದಲ ಫುಲ್ ಸುಮಾರು 180 ಜಿಬಿ. ಸ್ಟೋರೇಜ್ ಕಡೆ ನೋಡಿದರೆ ಡಾಟಾ ಪೂರ್ತಿ ಬಂದ ಹಾಗೆ ಕಾಣುತ್ತಿದೆ. ಆದರೆ ಜಾಬ್ ಮಾತ್ರ ಎರರ್ ಅಂತ ಮುಗಿದಿದೆ. ಕ್ಲೈಂಟ್ ಜೊತೆ ನೆಟ್‌ವರ್ಕ್ ಎರರ್ ಅಂತ ಬರೆದಿದೆ. ಡಾಟಾ ಬಂದ ಮೇಲೆ ಎರರ್ ಹೇಗೆ?

ವಿದ್ಯಾನಗರ_ಸ್ಮಿತಾ (ದಾವಣಗೆರೆ), ಗುರುವಾರ ಬೆಳಿಗ್ಗೆ 9:50

ಇದೇ ತೊಂದರೆಯಲ್ಲಿ ನಾನು ಒಂದು ತಿಂಗಳು ಒದ್ದಾಡಿದ್ದೇನೆ, ಅದಕ್ಕೇ ಓಡಿ ಬಂದೆ.

ಹಳೇ ಟೇಪು ಅಣ್ಣ ಹೇಳಿದ ಎರಡನೇ ಫೋನ್ ನೆನಪು ಮಾಡಿಕೊಳ್ಳಿ, ಡೈರೆಕ್ಟರಿನಿಂದ ಕ್ಲೈಂಟಿಗೆ ಮಾಡಿದ್ದು. ಆ ಫೋನ್ ಕಟ್ ಆಗಿರುವುದಿಲ್ಲ. ಜಾಬ್ ಮುಗಿಯುವವರೆಗೂ ಕಿವಿಗೆ ಹಿಡಿದೇ ಇರುತ್ತಾರೆ. ಆದರೆ ಇಬ್ಬರೂ ಮಾತಾಡುವುದಿಲ್ಲ, ಯಾಕೆಂದರೆ ಡಾಟಾ ಎಲ್ಲಾ ಇನ್ನೊಂದು ಲೈನಿನಲ್ಲಿ ಗೋಡೌನಿಗೆ ಹೋಗುತ್ತಿದೆ. ಫೈಲುಗಳ ಹೆಸರು, ತಾರೀಖು, ಸೈಜು ಕೂಡ ಗೋಡೌನಿನ ಕಡೆಯಿಂದಲೇ ಡೈರೆಕ್ಟರಿಗೆ ಬಂದು ಕ್ಯಾಟಲಾಗಿಗೆ, ಅಂದರೆ ಡೈರೆಕ್ಟರಿನ ಲೆಕ್ಕದ ಪಟ್ಟಿಗೆ, ಸೇರುತ್ತವೆ. ಹೀಗೆ ಗಂಟೆಗಟ್ಟಲೆ ಸುಮ್ಮನಿರುವ ಲೈನನ್ನು ಮಧ್ಯದ ರೂಟರ್ ಅಥವಾ ಫೈರ್‌ವಾಲ್ "ಇದು ಸತ್ತಿದೆ" ಅಂತ ತನ್ನ ಪಟ್ಟಿಯಿಂದ ತೆಗೆದುಹಾಕುತ್ತದೆ. ಎರಡು ತುದಿಗೂ ಅದು ಗೊತ್ತಾಗುವುದಿಲ್ಲ. ಕೊನೆಗೆ ಕ್ಲೈಂಟ್ "ಮುಗಿಯಿತು, ಇಷ್ಟು ಫೈಲ್ ಕಳಿಸಿದೆ" ಅಂತ ಹೇಳಲು ಬಾಯಿ ತೆರೆದರೆ ಆ ಕಡೆ ಯಾರೂ ಇಲ್ಲ.

ಲಿನಕ್ಸ್ ತಾನಾಗೇ ಲೈನ್ ಜೀವಂತ ಇದೆಯಾ ಅಂತ ಕೇಳುವುದು ಮಾಮೂಲಿಯಾಗಿ 7200 ಸೆಕೆಂಡಿಗೆ, ಅಂದರೆ 2 ಗಂಟೆಗೆ. ಅಷ್ಟು ಹೊತ್ತು ಯಾವ ಸಣ್ಣ ರೂಟರೂ ಕಾಯುವುದಿಲ್ಲ. ಹಾರ್ಟ್‌ಬೀಟ್ ಇಂಟರ್‌ವಲ್ ಅಂತ ಒಂದು ಸಾಲು ಇದೆ. ಡೈರೆಕ್ಟರ್, ಫೈಲ್ ಡೀಮನ್, ಸ್ಟೋರೇಜ್ ಡೀಮನ್ ಮೂರರ ಕಾನ್ಫಿಗ್‌ನಲ್ಲೂ 60 ಸೆಕೆಂಡ್ ಅಂತ ಹಾಕಿ. ನಿಮಿಷಕ್ಕೊಮ್ಮೆ "ಇದ್ದೀನಿ" ಅಂತ ಹೇಳುತ್ತಾ ಇರುತ್ತವೆ. ನನ್ನ ಒಂದು ತಿಂಗಳ ಒದ್ದಾಟ ಈ ಸಾಲಿನಿಂದ ನಿಂತಿತು.

ಹಳೇ_ಟೇಪು, ಗುರುವಾರ ಬೆಳಿಗ್ಗೆ 10:15

ಸ್ಮಿತಾ ಹೇಳಿದ್ದು ಸರಿ. ಆದರೆ ಎರರ್ ಆದ ಫುಲ್ಲನ್ನು ಡೈರೆಕ್ಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಂದಿನ ಇಂಕ್ರಿಮೆಂಟಲ್ ಕೊಟ್ಟರೆ, ಒಳ್ಳೆಯ ಫುಲ್ ಸಿಗಲಿಲ್ಲ ಅಂತ ಮತ್ತೆ ಫುಲ್ಲೇ ಶುರು ಮಾಡುತ್ತದೆ. 180 ಜಿಬಿ ಇನ್ನೊಮ್ಮೆ ಲೈನ್ ಮೇಲೆ ಎಳೆಯಬೇಡ. ಭಾನುವಾರ ದುರ್ಗದ ಸಿಪಿಯು ಬಸ್ಸಿನಲ್ಲಿ ದಾವಣಗೆರೆಗೆ ತಾ. ಸುಮಾರು 60 ಕಿಲೋಮೀಟರ್ ತಾನೆ. ಇಲ್ಲಿ ಲ್ಯಾನ್‌ಗೆ ಹಾಕಿ ಫುಲ್ ಮುಗಿಸಿ ವಾಪಸ್ ಕಳಿಸು. ಕ್ಲೈಂಟ್ ಹೆಸರು, ಜಾಬ್ ಹೆಸರು, ಫೈಲ್‌ಸೆಟ್ (ಎತ್ತಬೇಕಾದ ಫೋಲ್ಡರುಗಳ ಪಟ್ಟಿ) ಬದಲಾಗದಿದ್ದರೆ ಸೋಮವಾರ ರಾತ್ರಿಯಿಂದ ಬದಲಾದದ್ದು ಮಾತ್ರ ಬರುತ್ತದೆ.

ದುರ್ಗದ_ರೂಟರ್, ಗುರುವಾರ ಬೆಳಿಗ್ಗೆ 11:00

ಈಗ ಆ ಹೆಸರಿನ ವಿಷಯ. ಡೈರೆಕ್ಟರ್ ಕಳಿಸುವ ಸ್ಟೋರೇಜ್ ವಿಳಾಸ ಹೆಸರಾಗಿದ್ದರೆ, ಅದರ ನಂಬರ್ ಏನು ಅಂತ ಹುಡುಕುವುದು ಕ್ಲೈಂಟ್. ದುರ್ಗದಲ್ಲಿದ್ದಾಗ ಆ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ (ಯಾವ ಹೆಸರಿಗೆ ಯಾವ ನಂಬರ್ ಅಂತ ಬರೆದಿಡುವ ಫೈಲ್) ಆ ಹೆಸರಿಗೆ ವಿಪಿಎನ್ ನಂಬರ್. ದಾವಣಗೆರೆಗೆ ತಂದಾಗ ಅದೇ ಹೆಸರಿಗೆ ಲ್ಯಾನ್ ನಂಬರ್. ಕ್ಲೈಂಟಿನ ನಂಬರೂ ಬದಲಾಗುತ್ತದಲ್ಲ, ಹಾಗಾಗಿ ಡೈರೆಕ್ಟರಿನಲ್ಲಿ ಕ್ಲೈಂಟಿಗೂ ಒಂದು ಹೆಸರು ಇಟ್ಟು ಸರ್ವರಿನ ಹೋಸ್ಟ್ಸ್ ಫೈಲಿನಲ್ಲಿ ಹಾಗೇ ಮಾಡಿ. ಆಮೇಲೆ ಬಕುಲಾ ಕಾನ್ಫಿಗ್ ಮುಟ್ಟುವ ಅಗತ್ಯವೇ ಇಲ್ಲ.

ರಿಸ್ಟೋರ್ ಬಗ್ಗೆ ಈಗಲೇ ಲೆಕ್ಕ ಹಾಕಿ ಸರ್. ನಿಮ್ಮ ಎರಡೂ ಕಡೆ ಅಪ್‌ಲೋಡ್ ಎಷ್ಟು?

ಮೆಕ್ಕೆಜೋಳ_ಲೆಕ್ಕ, ಗುರುವಾರ ಬೆಳಿಗ್ಗೆ 11:30

ಡೌನ್‌ಲೋಡ್ ಎರಡೂ ಕಡೆ 100 ಎಂಬಿಪಿಎಸ್. ಅಪ್‌ಲೋಡ್ ದುರ್ಗದಲ್ಲಿ 20, ಇಲ್ಲಿ 10. ಇಲ್ಲಿ ಬರೀ ತೆಗೆದುಕೊಳ್ಳುವುದು ತಾನೆ ಅಂತ ಕಡಿಮೆ ಪ್ಲಾನ್ ಇಟ್ಟುಕೊಂಡೆವು.

ದುರ್ಗದ_ರೂಟರ್, ಗುರುವಾರ ಬೆಳಿಗ್ಗೆ 11:55

ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಬ್ಯಾಕಪ್ ಹೊತ್ತಿನಲ್ಲಿ ಡಾಟಾ ದುರ್ಗದ ಅಪ್‌ಲೋಡ್ ಮೇಲೆ ಬರುತ್ತದೆ. 20 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 2.5 ಎಂಬಿ. 180 ಜಿಬಿಗೆ 20 ಗಂಟೆ. ನಿಮ್ಮದು ಬೇಗ ಮುಗಿದಿದ್ದರೆ ಕಂಪ್ರೆಷನ್ ಹಾಕಿರುತ್ತೀರಿ, ಅದನ್ನು ಫೈಲ್ ಡೀಮನ್ ಕಳಿಸುವ ಮೊದಲೇ ಮಾಡುತ್ತದೆ. ರಿಸ್ಟೋರ್ ಹೊತ್ತಿನಲ್ಲಿ ಹರಿವು ತಿರುಗುತ್ತದೆ. ಆಗ ಡಾಟಾ ಹೊರಡುವುದು ದಾವಣಗೆರೆಯಿಂದ. 10 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 1.25 ಎಂಬಿ. ಅದೇ 180 ಜಿಬಿಗೆ 40 ಗಂಟೆ. ಡಿಸ್ಕ್ ಕೆಟ್ಟ ದಿನ ಅಂಗಡಿಯಲ್ಲಿ ಎಲ್ಲರೂ ಕೈಕಟ್ಟಿ ಕೂತಿರುವಾಗ 40 ಗಂಟೆ ಕಾಯುವುದು ಸಣ್ಣ ಮಾತಲ್ಲ.

ಹರಿವು ತಿರುಗಿದರೂ ಫೋನ್ ಮಾಡುವವರು ಬದಲಾಗುವುದಿಲ್ಲ, ಇದು ಗಮನದಲ್ಲಿರಲಿ. ರಿಸ್ಟೋರ್‌ನಲ್ಲೂ ಕ್ಲೈಂಟೇ ಸ್ಟೋರೇಜ್‌ನ 9103ಕ್ಕೆ ಕನೆಕ್ಟ್ ಆಗಿ "ಕೊಡು" ಅಂತ ಕೇಳುವುದು. ಯಾವ ವಾಲ್ಯೂಮ್ (ಬ್ಯಾಕಪ್ ಡಾಟಾ ತುಂಬಿಟ್ಟ ಫೈಲ್), ಅದರಲ್ಲಿ ಯಾವ ಫೈಲ್ ಅನ್ನುವ ಪಟ್ಟಿಯನ್ನು ಡೈರೆಕ್ಟರ್ ಕ್ಯಾಟಲಾಗ್ ನೋಡಿ ತಯಾರಿಸುತ್ತದೆ. ಅದಕ್ಕೆ ಬೂಟ್‌ಸ್ಟ್ರ್ಯಾಪ್ ಅಂತಾರೆ. ಹಾಗಾಗಿ ಬ್ಯಾಕಪ್‌ಗೆ ತೆರೆದ ಪೋರ್ಟುಗಳೇ ರಿಸ್ಟೋರ್‌ಗೂ ಸಾಕು.

ಚಳ್ಳಕೆರೆ_ಎಣ್ಣೆಮಿಲ್ (ಚಳ್ಳಕೆರೆ), ಗುರುವಾರ ಸಂಜೆ 6:30

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ವಿಪಿಎನ್ ಇಲ್ಲ. ಮಿಲ್ಲಿನ ಇಂಟರ್‌ನೆಟ್ಟಿಗೆ ಸ್ವಂತ ಪಬ್ಲಿಕ್ ವಿಳಾಸವೂ ಇಲ್ಲ. ರೂಟರಿನಲ್ಲಿ 100.64 ಅಂತ ಶುರುವಾಗುವ ನಂಬರ್ ಕಾಣುತ್ತದೆ. ಹೊರಗಿನಿಂದ ಡೈರೆಕ್ಟರ್ ನಮಗೆ ಫೋನ್ ಮಾಡುವುದು ಹೇಗೆ?

ವಿದ್ಯಾನಗರ_ಸ್ಮಿತಾ, ಗುರುವಾರ ಸಂಜೆ 7:10

ಹಾಗೆ ಮಾಡೋಕೆ ಆಗಲ್ಲ ಸರ್. ಅದು ಕಂಪನಿಯವರು ಒಂದೇ ಪಬ್ಲಿಕ್ ವಿಳಾಸವನ್ನು ತುಂಬಾ ಜನರಿಗೆ ಹಂಚಲು ಮಧ್ಯೆ ಬಳಸುವ ನಂಬರ್. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರಲಾಗದು. ನಿಮಗೆ ಕ್ಲೈಂಟೇ ಮೊದಲು ಫೋನ್ ಮಾಡುವ ವ್ಯವಸ್ಥೆ ಬೇಕು. ಬೇರಿಯೋಸ್‌ನಲ್ಲಿ 16.2ರಿಂದ ಅದು ಇದೆ. ಕ್ಲೈಂಟ್ ತಾನಾಗೇ ಡೈರೆಕ್ಟರಿಗೆ ಕನೆಕ್ಟ್ ಆಗಿ ಕಾಯುತ್ತದೆ, ಜಾಬ್ ಹೊತ್ತು ಬಂದಾಗ ಡೈರೆಕ್ಟರ್ ಅದೇ ಲೈನ್ ಬಳಸುತ್ತದೆ.

ಇಲ್ಲದಿದ್ದರೆ ರೆಸ್ಟಿಕ್, ಬೋರ್ಗ್ ತರಹದ ಬ್ಯಾಕಪ್ ಸಾಫ್ಟ್‌ವೇರ್‌ಗಳು. ಅವುಗಳಲ್ಲಿ ಸಾಹುಕಾರ್ರೇ ಇಲ್ಲ. ಕ್ಲೈಂಟ್ ಎಸ್‌ಎಸ್‌ಎಚ್ (ದೂರದ ಮಷಿನ್ನಿಗೆ ಭದ್ರವಾಗಿ ಹೋಗುವ ದಾರಿ) ಮೇಲೆ ಹೋಗಿ ತಾನೇ ಇಟ್ಟು ಬರುತ್ತದೆ, ತಾನೇ ತರುತ್ತದೆ. ಬೋರ್ಗ್ ಲಿನಕ್ಸ್‌ಗೆ ಚೆನ್ನ, ವಿಂಡೋಸ್ ಆದರೆ ರೆಸ್ಟಿಕ್ ನೋಡಿ. ಆದರೆ ಒಂದು ಎಚ್ಚರಿಕೆ. ಗೋಡೌನಿನ ಕೀಲಿ ಕ್ಲೈಂಟಿನ ಕೈಯಲ್ಲೇ ಇರುತ್ತದೆ. ಮಿಲ್ಲಿನ ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಅದು ಬ್ಯಾಕಪ್ಪನ್ನೂ ಅಳಿಸಬಹುದು. ಸೇರಿಸಲು ಮಾತ್ರ ಬಿಡುವ, ಅಳಿಸಲು ಬಿಡದ ಅಪೆಂಡ್-ಓನ್ಲಿ ಸೆಟ್ಟಿಂಗ್ ಸರ್ವರ್ ಕಡೆ ಹಾಕಿಯೇ ಶುರು ಮಾಡಿ. ದಯವಿಟ್ಟು ಇದನ್ನು ನಾಳೆಗೆ ಬಿಡಬೇಡಿ.

ಚಳ್ಳಕೆರೆ_ಎಣ್ಣೆಮಿಲ್, ಗುರುವಾರ ಸಂಜೆ 7:25

ಅರ್ಥ ಆಯಿತು ಮೇಡಂ. ರೆಸ್ಟಿಕ್ ನೋಡುತ್ತೇನೆ.

ಮೆಕ್ಕೆಜೋಳ_ಲೆಕ್ಕ, ಭಾನುವಾರ ಸಂಜೆ 5:45

ಬೆಳಿಗ್ಗೆ ದುರ್ಗದ ಹುಡುಗ ಸಿಪಿಯುವನ್ನು ಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದ. ಲ್ಯಾನ್ ಮೇಲೆ ಫುಲ್ ಎರಡು ಗಂಟೆಯೊಳಗೆ ಮುಗಿಯಿತು. ಹಾರ್ಟ್‌ಬೀಟ್ 60 ಹಾಕಿದ್ದೇನೆ. ಲಾಗಿನ ಕೊನೆಯಲ್ಲಿ ಬ್ಯಾಕಪ್ ಓಕೆ ಅಂತ ಕಂಡಾಗ ಅವನಿಗೂ ನನಗೂ ಒಂದೇ ಖುಷಿ. ಹೋಗಿ ಇಬ್ಬರೂ ಬೆಣ್ಣೆ ದೋಸೆ ತಿಂದು ಬಂದೆವು.

ಮಧ್ಯಾಹ್ನ ರಿಸ್ಟೋರ್ ನೋಡಿದೆ. ಹಳೆ ಜಾಗದ ಮೇಲೆ ಬರೆಯದೆ ಬೇರೆ ಫೋಲ್ಡರಿಗೆ ಇಳಿಸಿದೆ. ಮೇ ತಿಂಗಳ ಲೆಕ್ಕಪಟ್ಟಿ ಫೈಲ್ ತೆಗೆದು ಮೂಲದ ಪಕ್ಕ ಇಟ್ಟು ಒಂದೊಂದೇ ಸಾಲು ನೋಡಿದೆ. ಚೀಲ, ತೂಕ, ಹಮಾಲಿ, ನಿವ್ವಳ ಎಲ್ಲಾ ಅದೇ. ಮುಂದೆ ಡಿಸ್ಕ್ ಕೆಟ್ಟರೂ ಇಲ್ಲೇ ಹೊಸ ಡಿಸ್ಕಿಗೆ ಇಳಿಸಿ ಬಸ್ಸಿನಲ್ಲಿ ಕಳಿಸುವುದು ಅಂತ ತೀರ್ಮಾನ ಮಾಡಿದ್ದೇವೆ.

ಒಂದು ಪ್ರಶ್ನೆ. ದಾವಣಗೆರೆ ಮಷಿನ್ನೇ ಹೋದರೆ?

ಹಳೇ_ಟೇಪು, ಭಾನುವಾರ ರಾತ್ರಿ 8:20

ಕೇಳಬೇಕಾದ ಪ್ರಶ್ನೆ. ಕ್ಯಾಟಲಾಗ್ ಅಂದರೆ ಸಾಹುಕಾರ್ರ ರೋಜನಾಮೆ. ಚೀಲ ಇದ್ದು ರೋಜನಾಮೆ ಹೋದರೆ, ಬಿಸ್ಕ್ಯಾನ್ ಅನ್ನುವ ಟೂಲ್ ವಾಲ್ಯೂಮುಗಳನ್ನೆಲ್ಲಾ ಓದಿ ಮತ್ತೆ ಬರೆಯಬಲ್ಲದು, ಆದರೆ ತುಂಬಾ ಹೊತ್ತು ಹಿಡಿಯುತ್ತದೆ. ಅದಕ್ಕೆ ದಿನಾ ರಾತ್ರಿ ಎಲ್ಲಾ ಜಾಬ್ ಮುಗಿದ ಮೇಲೆ ಕೊನೆಯದಾಗಿ ಕ್ಯಾಟಲಾಗಿನ ಬ್ಯಾಕಪ್ ಇಡು. ಅದರ ಬೂಟ್‌ಸ್ಟ್ರ್ಯಾಪ್ ಫೈಲು, ಮೂರೂ ಕಾನ್ಫಿಗ್ ಫೈಲುಗಳನ್ನು ಆ ಮಷಿನ್ನಿನಿಂದ ಹೊರಗೆ ಇಡು. ವಾಲ್ಯೂಮುಗಳ ಇನ್ನೊಂದು ಕಾಪಿಯೂ ಬೇರೆ ಡಿಸ್ಕಿನಲ್ಲಿ, ಬೇರೆ ಕಟ್ಟಡದಲ್ಲಿ ಇರಲಿ.

ಕ್ಲೈಂಟಿನಲ್ಲಿ ಡಾಟಾ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕುವುದು) ಆನ್ ಮಾಡಿದ್ದೀಯಾ?

ಮೆಕ್ಕೆಜೋಳ_ಲೆಕ್ಕ, ಭಾನುವಾರ ರಾತ್ರಿ 8:35

ಮಾಡಿದ್ದೇನೆ ಅಣ್ಣಾ.

ಹಳೇ_ಟೇಪು, ಭಾನುವಾರ ರಾತ್ರಿ 8:50

ಹಾಗಾದರೆ ಇವತ್ತೇ ಎದ್ದು ಒಂದು ಕೆಲಸ ಮಾಡು. ಆ ಎನ್‌ಕ್ರಿಪ್ಷನ್ ಆಗುವುದು ಫೈಲ್ ಡೀಮನ್ ಒಳಗೆ. ಕೀ ಇರುವುದು ದುರ್ಗದ ಡಿಸ್ಕಿನಲ್ಲಿ. ಸರ್ವರಿಗೆ ಆ ಕೀ ಗೊತ್ತೇ ಇಲ್ಲ. ದುರ್ಗದ ಡಿಸ್ಕ್ ಸತ್ತರೆ ಕೀ ಜೊತೆಗೇ ಸಾಯುತ್ತದೆ. ಇಲ್ಲಿರುವ 180 ಜಿಬಿಯನ್ನು ಯಾರೂ ಬಿಚ್ಚಲಾರರು. ನಿನ್ನ ರಿಸ್ಟೋರ್ ಇವತ್ತು ನಡೆದದ್ದು ಅದೇ ಕಂಪ್ಯೂಟರಿಗೆ ಇಳಿಸಿದ್ದಕ್ಕೆ. ಸಿಪಿಯು ಇನ್ನೂ ನಿನ್ನ ಹತ್ತಿರ ಇದೆಯಾ?

ಮೆಕ್ಕೆಜೋಳ_ಲೆಕ್ಕ, ಭಾನುವಾರ ರಾತ್ರಿ 9:40

ಇದೆ. ಹುಡುಗ ರಾತ್ರಿ ಬಸ್ಸಿಗೆ ಹೊರಡುವವನಿದ್ದ, ತಡೆದು ನಿಲ್ಲಿಸಿದೆ. ಕೀ ಫೈಲನ್ನು ಎರಡು ಪೆನ್ ಡ್ರೈವಿಗೆ ಹಾಕಿಕೊಂಡೆ. ಅಂಗಡಿಯ ಹಳೆ ಲ್ಯಾಪ್‌ಟಾಪಿಗೆ ಫೈಲ್ ಡೀಮನ್ ಹಾಕಿ, ಆ ಕೀ ಕೊಟ್ಟು, ಅದೇ ಮೇ ತಿಂಗಳ ಫೋಲ್ಡರನ್ನು ಅದಕ್ಕೆ ಇಳಿಸಿದೆ. ತೆರೆಯಿತು. ಕೀ ತೆಗೆದು ಇನ್ನೊಮ್ಮೆ ಮಾಡಿದೆ. ಒಂದು ಫೈಲೂ ಬರಲಿಲ್ಲ.

ಒಂದು ಪೆನ್ ಡ್ರೈವ್ ಸಾಹುಕಾರ್ರ ತಿಜೋರಿಯಲ್ಲಿ ಇಟ್ಟಿದ್ದೇನೆ. ಇನ್ನೊಂದು ನಮ್ಮ ಮನೆಯಲ್ಲಿ. ಹುಡುಗ ಈಗಷ್ಟೇ ಬಸ್ ಹತ್ತಿದ.